ಗೋಡೆಗೆ ನೇತುಹಾಕುವ ಜೇಬಿನ ಲೈಬ್ರರಿ: ಒಂದು ವರ್ಷ ಬಳಸಿದ ಮೇಲೆ

ಮೂರು ಸ್ಟಾರ್ ಕೊಟ್ಟಿದ್ದೇನೆ. ಮೂರೂ ಐಡಿಯಾಗೆ. ಪ್ಲಾಸ್ಟಿಕ್ಕಿಗೆ, ಹೊಲಿಗೆಗೆ, ಜೊತೆಗೆ ಕಳಿಸಿದ ಮೊಳೆಗಳಿಗೆ ಏನೂ ಇಲ್ಲ.

ನಾನು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನಾಲ್ಕು ಮತ್ತು ಐದನೇ ಕ್ಲಾಸು ಎರಡೂ ನನ್ನದೇ, ಒಂದೇ ಕೋಣೆ, 34 ಮಕ್ಕಳು. ಅರ್ಧ ಜನ ಊರಿನವರು, ಉಳಿದವರು ಲಂಬಾಣಿ ತಾಂಡಾದಿಂದ ನಡೆದು ಬರುವವರು. ಕಳೆದ ವರ್ಷ ಜೂನಿನಲ್ಲಿ ಮೊಬೈಲಲ್ಲೇ ಆರ್ಡರ್ ಮಾಡಿ ಇದನ್ನು ತರಿಸಿದೆ. 649 ರೂಪಾಯಿ, ನನ್ನ ಕೈಯಿಂದ. ಮಾರಿದವರ ಹೆಸರು ಬರೆಯುವುದಿಲ್ಲ, ಬರೆದೂ ಉಪಯೋಗವಿಲ್ಲ, ಇದೇ ಮಾಲು ಹತ್ತು ಹೆಸರಲ್ಲಿ ಸಿಗುತ್ತದೆ, ಹತ್ತಕ್ಕೂ ಅದೇ ಫೋಟೋ.

ಏನಿದು ಅಂದರೆ, ಬಾಗಿಲ ಹಿಂದೆ ಚಪ್ಪಲಿ ಇಡೋಕೆ ಜೇಬು ಜೇಬಿನ ಬಟ್ಟೆ ನೇತುಹಾಕುತ್ತಾರಲ್ಲ, ಅದರ ದೊಡ್ಡಣ್ಣ. ಹೆಚ್ಚೂಕಡಿಮೆ ನಾಲ್ಕೂವರೆ ಅಡಿ ಅಗಲ, ಅಷ್ಟೇ ಉದ್ದ. ಆರರಂತೆ ನಾಲ್ಕು ಸಾಲು, ಒಟ್ಟು 24 ಜೇಬು. ಮುಂದಿನ ಭಾಗ ಪಾರದರ್ಶಕ ಪ್ಲಾಸ್ಟಿಕ್, ಹಾಗಾಗಿ ಪುಸ್ತಕದ ಮುಖಪುಟ ಪೂರ್ತಿ ಕಾಣುತ್ತದೆ. ಮೇಲ್ಗಡೆ ನಾಲ್ಕು ಕಬ್ಬಿಣದ ಕಣ್ಣು, ಅದಕ್ಕೆ ನಾಲ್ಕು ಮೊಳೆ. ಅಷ್ಟೇ.

ಯಾಕೆ ತರಿಸಿದೆ ಅಂತ ಹೇಳಬೇಕು. ಶಾಲೆಯಲ್ಲಿ ಪುಸ್ತಕ ಇಲ್ಲದೆ ಅಲ್ಲ, ಇನ್ನೂರಕ್ಕೂ ಜಾಸ್ತಿ ಇದ್ದವು. ಕಬ್ಬಿಣದ ಅಲ್ಮಾರಿಯಲ್ಲಿ, ಬೀಗದ ಒಳಗೆ. ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಈ ಕಥೆ ಹೊಸದಲ್ಲ. ಪುಸ್ತಕ ಸ್ಟಾಕ್ ರಿಜಿಸ್ಟರಿನಲ್ಲಿ ಇರುತ್ತದೆ, ಚಾರ್ಜ್ ಕೊಡುವಾಗ ಲೆಕ್ಕ ತಾಳೆ ಆಗಬೇಕು, ಒಂದು ಹರಿದರೆ ಯಾರು ಉತ್ತರ ಹೇಳಬೇಕು? ಹಾಗಾಗಿ ಯಾರೂ ಮುಟ್ಟುವುದಿಲ್ಲ. ಗ್ರಂಥಾಲಯ ಶಾಸ್ತ್ರದ ರಂಗನಾಥನ್ 1931ರಲ್ಲೇ ಐದು ಸೂತ್ರ ಬರೆದಿದ್ದಾರೆ, ಮೊದಲನೆಯದೇ ಪುಸ್ತಕ ಇರುವುದು ಬಳಸೋಕೆ ಅಂತ. ನಮ್ಮ ಅಲ್ಮಾರಿಯ ಪುಸ್ತಕಗಳು ಎಷ್ಟು ಹೊಸದಾಗಿದ್ದವು ಅಂದರೆ ಕೆಲವದರ ಹಾಳೆ ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಬೆರಳು ಹಾಕಿ ಬಿಡಿಸಿದೆ, ಚಟ್ ಅಂತ ಸದ್ದಾಯಿತು.

ಬಂದ ದಿನವೇ ಹಾಕೋಣ ಅಂತ ಹೊರಟೆ. ನಮ್ಮ ಗೋಡೆ ಕಲ್ಲಿನದು, ನೆಲ ಪೂರ್ತಿ ಶಹಾಬಾದ್ ಫರಸಿ. ಅವರು ಕಳಿಸಿದ ಮೊಳೆ ಮೊದಲ ಏಟಿಗೇ ಬಾಗಿತು, ಎರಡನೆಯದು ಹಾರಿ ಕಿಟಕಿಯ ಆಚೆ ಹೋಯಿತು, ಐದನೇ ಕ್ಲಾಸಿನ ಹುಡುಗರಿಗೆ ಅವತ್ತು ಇಡೀ ದಿನ ಅದೇ ತಮಾಷೆ. ಆಮೇಲೆ ಊರಿನ ಎಲೆಕ್ಟ್ರಿಷಿಯನ್ ಡ್ರಿಲ್ ತಂದು ತೂತು ಕೊರೆದು ಸ್ಕ್ರೂ ಹಾಕಿಕೊಟ್ಟರು. ದುಡ್ಡು ತಗೊಳ್ಳಲಿಲ್ಲ, ಅವರ ಮಗಳು ನನ್ನ ಕ್ಲಾಸಿನಲ್ಲೇ ಇದ್ದಾಳೆ. ನಿಮ್ಮದೂ ಕಲ್ಲಿನ ಗೋಡೆ ಆಗಿದ್ದರೆ ಆ ಮೊಳೆಗಳನ್ನು ನಂಬಬೇಡಿ.

ನಾನು ಮಾಡಿದ ತಪ್ಪೂ ಒಂದಿದೆ. ಬಟ್ಟೆ ಫ್ಯಾನಿನ ಗಾಳಿಗೆ ಹಾರದಿರಲಿ, ಚೆನ್ನಾಗಿ ಕಾಣಲಿ ಅಂತ ಎತ್ತರಕ್ಕೆ ಹಾಕಿಸಿದೆ. ಮೇಲಿನ ಸಾಲು ನನಗೆ ಮಾತ್ರ ಎಟುಕುತ್ತಿತ್ತು. ಹಾಗಾಗಿ ಮೊದಲ ಹದಿನೈದು ದಿನ "ಅಕ್ಕೋರೆ, ಆ ಹುಲಿದ್ದು ಕೊಡ್ರಿ", "ಅಕ್ಕೋರೆ, ನನಗಾ ಬಸ್ಸಿಂದು" ಅಂತ ಕೂಗುವುದು, ನಾನು ಎದ್ದು ತೆಗೆದುಕೊಡುವುದು. ಆಮೇಲೆ ಹೊಳೆಯಿತು, ಇದು ಅಲ್ಮಾರಿಯೇ ಆಯಿತಲ್ಲ, ಬೀಗದ ಬದಲು ನಾನು! ಬಿಚ್ಚಿ ಇಳಿಸಿದೆ. ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡ ಇರುವ ಹುಡುಗಿಯನ್ನು ಗೋಡೆಗೆ ನಿಲ್ಲಿಸಿ, ಅವಳು ಕೈ ಎತ್ತಿದರೆ ಎಲ್ಲಿಗೆ ಬರುತ್ತದೋ ಅಲ್ಲಿಗೆ ಮೇಲಿನ ಸಾಲು. ಕೆಳಗಿನ ಸಾಲು ನೆಲದ ಹತ್ತಿರ ಬಂತು, ಕೂತು ನೋಡುತ್ತಾರೆ, ತೊಂದರೆ ಇಲ್ಲ.

ಈಗ ಓದುವ ಹೊತ್ತಿನ ವಿಷಯ. ಈ ಸಾಮಾನು ಕೊಳ್ಳುವವರು ಎಲ್ಲರೂ ಇಲ್ಲೇ ಸೋಲುತ್ತಾರೆ ಅಂತ ನನ್ನ ಅನುಮಾನ, ಗೋಡೆಗೆ ಹಾಕಿ, ಫೋಟೋ ತೆಗೆದು, ಗ್ರೂಪಿಗೆ ಹಾಕಿ, ಮುಗೀತು. ನಾನು ಮೊದಲು ಬಿಸಿಯೂಟ ಆದ ಮೇಲೆ ಇಪ್ಪತ್ತು ನಿಮಿಷ ಅಂತ ಇಟ್ಟೆ. ಅನ್ನ ಸಾರು ಉಂಡು ತಣ್ಣಗಿನ ಫರಸಿಯ ಮೇಲೆ ಕೂತರೆ ನನಗೇ ಕಣ್ಣು ಎಳೆಯುತ್ತದೆ, ಇನ್ನು ಅವರೇನು ಮಾಡಿಯಾರು. ಇಪ್ಪತ್ತು ನಿಮಿಷವೂ ಜಾಸ್ತಿ ಆಯಿತು. ಐದು ನಿಮಿಷಕ್ಕೆ ಪುಸ್ತಕ ಬದಲಿಸೋಕೆ ಎದ್ದು ಓಡಾಟ ಶುರು.

ಆಮೇಲೆ ಬೆಳಗಿನ ಹಾಲಿನ ಹೊತ್ತಿಗೆ ಬದಲಿಸಿದೆ. ಕ್ಷೀರಭಾಗ್ಯ 2013ರಿಂದ ಇದೆ, ಈಗ ಕೆಲವು ದಿನ ಹಾಲಿಗೆ ರಾಗಿ ಮಾಲ್ಟ್ ಬೆರೆಸುತ್ತಾರೆ. ಹಾಲು ಕುಡಿಯುವಾಗ ಒಬ್ಬರು ಒಂದೇ ಗುಟುಕಿಗೆ ಮುಗಿಸುತ್ತಾರೆ, ಇನ್ನೊಬ್ಬರು ಕೆನೆ ಊದಿ ಊದಿ ಹತ್ತು ನಿಮಿಷ ಮಾಡುತ್ತಾರೆ. ಮುಗಿದವರು ಮುಗಿಯದವರನ್ನು ತಿವಿಯುತ್ತಾ ಕೂರುತ್ತಿದ್ದ ಆ ಹೊತ್ತು ಸುಮ್ನೆ ಹಾಳಾಗುತ್ತಿತ್ತು. ಈಗ ನಿಯಮ ಒಂದೇ: ಲೋಟ ತೊಳೆದಿಟ್ಟು, ಕೈ ಒರೆಸಿಕೊಂಡು, ಪುಸ್ತಕ ತಗೋ. ಯಾರೂ ಯಾರಿಗೂ ಕಾಯಬೇಕಿಲ್ಲ. ಗಂಟೆ ಬೇಡ, "ಎಲ್ಲರೂ ಪುಸ್ತಕ ತೆಗೀರಿ" ಅನ್ನುವುದೂ ಬೇಡ. ಲೋಟದ ಸದ್ದೇ ಗಂಟೆ.

ಮೊದಲ ವಾರ ಬರೀ ಐದು ನಿಮಿಷ. ಆ ವಾರ ಓದಿಸಲೇ ಇಲ್ಲ ಅಂದರೂ ಸರಿ. ಜೇಬಿನಿಂದ ಪುಸ್ತಕ ಹೇಗೆ ಎತ್ತಬೇಕು, ಹಾಳೆಯನ್ನು ಮೇಲಿನ ಮೂಲೆಯಿಂದ ಹೇಗೆ ತಿರುವಬೇಕು, ಬೆರಳಿಗೆ ಎಂಜಲು ಯಾಕೆ ಹಚ್ಚಬಾರದು, ತಿರುಗಿ ಇಡುವಾಗ ಚಿತ್ರ ಮುಂದೆ ಬರಬೇಕು, ಇಷ್ಟೇ ಪಾಠ. ಎರಡನೇ ವಾರ ಏಳು ನಿಮಿಷ, ಹೀಗೆ ಹದಿನೈದಕ್ಕೆ ಬರುವಷ್ಟರಲ್ಲಿ ಆಗಸ್ಟ್ ಮುಗಿದಿತ್ತು. ಒಂದು ಕಾರಣಕ್ಕೆ ನನಗೆ ಇದು ಸುಲಭವಾಯಿತು. ಈ ಮಕ್ಕಳೆಲ್ಲ ಒಂದರಿಂದ ಮೂರರವರೆಗೆ ನಲಿಕಲಿಯಲ್ಲಿ ಕಲಿತವರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಪದ್ಧತಿಯಲ್ಲಿ ಮಗು ತಾನೇ ಎದ್ದು ಹೋಗಿ ತನ್ನ ಕಾರ್ಡು ತರುತ್ತದೆ, ತನ್ನ ಮೆಟ್ಟಿಲು ತಾನೇ ನೋಡಿಕೊಳ್ಳುತ್ತದೆ. ನಾಲ್ಕಕ್ಕೆ ಬಂದ ಕೂಡಲೇ ನಾವು ಸಾಲಾಗಿ ಕೂರಿಸಿ ಪಠ್ಯಪುಸ್ತಕ ತೆಗೀರಿ ಅನ್ನುತ್ತೇವೆ. ಅವರಿಗೆ ಇದ್ದ ಅಭ್ಯಾಸವನ್ನು ನಾವೇ ಬಿಡಿಸಿ, ಮತ್ತೆ ಸ್ವತಂತ್ರವಾಗಿ ಓದಿ ಅಂತ ಟ್ರೇನಿಂಗ್ ತಗೊಳ್ಳುವುದು, ನಗು ಬರುತ್ತದೆ.

ಮೌನ. ಇದರ ಮೇಲೆ ನಾನು ಒಂದು ತಿಂಗಳು ಗುದ್ದಾಡಿದೆ. ಅಮೆರಿಕದ ಕ್ಲಾಸುಗಳಲ್ಲಿ ಮಕ್ಕಳು ಅವರವರ ಪುಸ್ತಕ ಹಿಡಿದು ಸದ್ದಿಲ್ಲದೆ ಓದುವ ವಿಡಿಯೋ ನೋಡಿ, ನನ್ನ ಕ್ಲಾಸೂ ಹಾಗೇ ಇರಬೇಕು ಅಂತ ಹಟ. ಇಲ್ಲಿ ಗುಣುಗುಣು ನಿಲ್ಲಲೇ ಇಲ್ಲ. ತುಟಿ ಮುಚ್ಚಿ ಓದು ಅಂದರೆ ಓದೇ ನಿಂತುಹೋಗುತ್ತಿತ್ತು, ಕಣ್ಣು ಚಿತ್ರದ ಮೇಲೆ. ಒಂದು ದಿನ ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿಟ್ಟು, ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಂಡು ಓದುತ್ತಿದ್ದ. ಯಾಕೋ ಅಂದೆ. "ಹಿಂಗ್ ಮಾಡಿದ್ರ ನಂದು ನನಗಾ ಕೇಳಸ್ತದ್ರಿ" ಅಂದ. ಪಕ್ಕದವನ ಸದ್ದು ಒಳಗೆ ಬರಲ್ಲ, ತನ್ನ ದನಿ ತಲೆಯೊಳಗೆ ದೊಡ್ಡದಾಗಿ ಕೇಳುತ್ತದೆ. ಮರುದಿನ ಆರೇಳು ಮಕ್ಕಳು ಹಾಗೇ ಕೂತಿದ್ದರು. ಅವತ್ತಿನಿಂದ ಮೌನದ ಮಾತು ಬಿಟ್ಟೆ. ಹಾಳೆ ತಿರುವೋಕೆ ಒಂದು ಕೈ ತೆಗೆಯಬೇಕಲ್ಲ, ಆಗ ಒಂದು ಕ್ಷಣ ಗದ್ದಲವೆಲ್ಲ ಒಳಗೆ ಬಂದು ಮುಖ ಸಿಂಡರಿಸುತ್ತಾರೆ, ನೋಡೋಕೆ ಮಜಾ.

ಪುಸ್ತಕ ಆರಿಸುವುದಕ್ಕೆ ಅಮೆರಿಕದ ಕ್ಲಾಸುಗಳಲ್ಲಿ ಐದು ಬೆರಳಿನ ನಿಯಮ ಇದೆ. ಒಂದು ಪುಟ ಓದುತ್ತಾ ಬಾರದ ಪದ ಸಿಕ್ಕಾಗೆಲ್ಲ ಒಂದು ಬೆರಳು ಎತ್ತು, ಐದೂ ಎದ್ದರೆ ಆ ಪುಸ್ತಕ ಈಗ ಬೇಡ. ನಮ್ಮ ಚಿತ್ರಪುಸ್ತಕಗಳಲ್ಲಿ ಒಂದು ಪುಟಕ್ಕೆ ಹದಿನೈದೋ ಇಪ್ಪತ್ತೋ ಪದ ಇರುವುದು, ಅದರಲ್ಲಿ ಐದು ಬಾರದಿದ್ದರೆ ಉಳಿದದ್ದೇನು? ನಾನು ಮೂರಕ್ಕೆ ಇಳಿಸಿದೆ. ಇನ್ನೊಂದು ಫರಕ್ಕು ಇದೆ. ಕನ್ನಡದಲ್ಲಿ ಕಾಗುಣಿತ ಬಂದ ಮಗು ಅರ್ಥ ಗೊತ್ತಿಲ್ಲದ ಪದವನ್ನೂ ಕೂಡಿಸಿ ಓದಿಬಿಡುತ್ತದೆ, ಸಿಕ್ಕಿಬೀಳುವುದು ಒತ್ತಕ್ಷರದಲ್ಲಿ. "ಸ್ವಾತಂತ್ರ್ಯ" ಬಂದರೆ ಸಾಕು, ಗಾಡಿ ಕೆಸರಲ್ಲಿ ಹೂತಂತೆ. ಹಾಗಾಗಿ ಓದಿದರೂ ತಿಳಿಯದ್ದಕ್ಕೂ ಒಂದು ಬೆರಳು ಅಂತ ಸೇರಿಸಿದೆ.

ಹಾಗೆ ಸೇರಿಸಿದ್ದಕ್ಕೆ ಒಂದು ವಿಷಯ ಗೊತ್ತಾಯಿತು. ನಮ್ಮ ಮಕ್ಕಳು ಬೆರಳು ಎತ್ತುತ್ತಿದ್ದದ್ದು "ತಾತ" ಅನ್ನುವ ಪದಕ್ಕೆ! ಇಲ್ಲಿ ಮುತ್ಯಾ. "ಮೊಟ್ಟೆ"ಗೂ ಒಂದು ಬೆರಳು, ದಿನಾ ಬಿಸಿಯೂಟದಲ್ಲಿ ಅದನ್ನೇ ತಿನ್ನುತ್ತಾರೆ, ಅದು ತತ್ತಿ. ತಾಂಡಾದ ಮಕ್ಕಳಿಗೆ "ಅಮ್ಮ" ಮನೆಯಲ್ಲಿ "ಯಾಡಿ". ಪುಸ್ತಕ ಬರೆಯುವವರು ಬೆಂಗಳೂರು ಮೈಸೂರಿನ ಮಾತಲ್ಲೇ ಬರೆಯುತ್ತಾರೆ, ತಪ್ಪೇನಲ್ಲ, ಆದರೆ ನಮ್ಮ ಕಡೆಯ ಮಾತಿನ ಪುಸ್ತಕ 24 ಜೇಬಿನಲ್ಲಿ ಒಂದಾದರೂ ಇರಬೇಕಿತ್ತು. ಈಗ ಮಕ್ಕಳು ಪೆನ್ಸಿಲ್ಲಿನಲ್ಲಿ ಆ ಪದದ ಮೇಲೆ ತಮ್ಮ ಪದ ಬರೆಯಬಹುದು ಅಂತ ಬಿಟ್ಟಿದ್ದೇನೆ. ಸ್ಟಾಕ್ ರಿಜಿಸ್ಟರಿನವರು ಇದನ್ನು ಓದಬಾರದು.

ಇನ್ನು ನಾನು ಏನು ಮಾಡಬೇಕು ಅನ್ನುವ ಪ್ರಶ್ನೆ. ಟೀಚರ್ ಕೂಡ ಪುಸ್ತಕ ಹಿಡಿದು ಕೂರಬೇಕು, ಮಕ್ಕಳು ನೋಡಿ ಕಲಿಯುತ್ತಾರೆ ಅನ್ನುತ್ತಾರೆ. ಎರಡು ವಾರ ಕೂತೆ. ಚೆನ್ನಾಗೇ ಇತ್ತು, ನನಗೆ. ಆದರೆ ಮೂಲೆಯಲ್ಲಿ ಮೂವರು ದಿನಾ ಒಂದೇ ಪುಟ ಬಿಚ್ಚಿಕೊಂಡು ಕೂರುತ್ತಿದ್ದದ್ದು ನನ್ನ ಕಣ್ಣಿಗೇ ಬೀಳಲಿಲ್ಲ. ಅಮೆರಿಕದಲ್ಲೇ 2000ದಲ್ಲಿ ರಾಷ್ಟ್ರೀಯ ಓದು ಸಮಿತಿಯ ವರದಿ ಬಂದಾಗ, ಮಕ್ಕಳನ್ನು ಬರೀ ಮೌನವಾಗಿ ಓದಲು ಬಿಟ್ಟರೆ ಓದು ಸರಾಗವಾಗುತ್ತದೆ ಅನ್ನೋಕೆ ಸಾಕಷ್ಟು ಆಧಾರ ಸಿಕ್ಕಿಲ್ಲ ಅಂತ ಬರೆದಿದ್ದರು. ಅದರ ಮೇಲೆ ಅಲ್ಲಿ ದೊಡ್ಡ ಜಗಳವೇ ಆಗಿದೆ. ನಾನು ಅದರಿಂದ ತಗೊಂಡಿದ್ದು ಇಷ್ಟು: ಬಿಟ್ಟರೆ ಸಾಲದು, ಪಕ್ಕ ಕೂರಬೇಕು. ಈಗ ದಿನಕ್ಕೆ ಮೂವರ ಹತ್ತಿರ ನೆಲದ ಮೇಲೆ ಕೂರುತ್ತೇನೆ. ಒಂದು ಪುಟ ನನಗೆ ಓದಿ ತೋರಿಸಬೇಕು, ಮುಂದೆ ಏನಾಗಬಹುದು ಅಂತ ಹೇಳಬೇಕು. 34 ಮಕ್ಕಳು, ಸುಮಾರು ಹನ್ನೆರಡು ಶಾಲಾ ದಿನಕ್ಕೆ ಒಂದು ಸುತ್ತು. ಒಂದು ಹಳೇ ಡೈರಿಯಲ್ಲಿ ಒಂದೊಂದು ಸಾಲು ಬರೆದಿಡುತ್ತೇನೆ, ಯಾರದು ಯಾವ ಒತ್ತಕ್ಷರ, ಯಾರಿಗೆ ಯಾವ ಪುಸ್ತಕ. ಅದಕ್ಕಿಂತ ದೊಡ್ಡ ದಾಖಲೆ ಇಟ್ಟರೆ ಅದೇ ಒಂದು ಕೆಲಸ ಆಗುತ್ತದೆ.

ನವೆಂಬರಿನಲ್ಲಿ ಒಂದು ದಿನ ಬಸ್ಸು ತಡವಾಗಿ ಹಾಲಿನ ಹೊತ್ತು ದಾಟಿದ ಮೇಲೆ ಬಂದೆ. ಎಲ್ಲರೂ ಓದುತ್ತಾ ಕೂತಿದ್ದರು ಅಂತ ಸುಳ್ಳು ಹೇಳುವುದಿಲ್ಲ. ಬಾಗಿಲಲ್ಲೇ ನಿಂತು ಎಣಿಸಿದೆ. ಬಂದಿದ್ದವರು 31, ಪುಸ್ತಕ ಕೈಯಲ್ಲಿದ್ದವರು 19. ಇಬ್ಬರು ಒಂದೇ ಪುಸ್ತಕಕ್ಕೆ ಎಳೆದಾಡುತ್ತಿದ್ದರು, ಅವರನ್ನೂ 19ರಲ್ಲೇ ಸೇರಿಸಿದ್ದೇನೆ. ಉಳಿದವರು ಕಿಟಕಿಯಲ್ಲಿ. ನನಗೆ 19 ಸಾಕು ಅನಿಸಿತು, ಅಲ್ಮಾರಿ ಕಾಲದಲ್ಲಿ ಸೊನ್ನೆ ಇತ್ತು.

ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ. ಮಕ್ಕಳು ಹೊಲಕ್ಕೆ ಹೋಗುತ್ತಾರೆ, ಇಲ್ಲವೇ ತಮ್ಮ ತಂಗಿಯರನ್ನು ನೋಡಿಕೊಂಡು ಮನೆಯಲ್ಲಿ. ಅದಾದ ಮೇಲೆ ಕೆಲವರ ಅಪ್ಪ ಅವ್ವ ಕೆಲಸ ಹುಡುಕಿಕೊಂಡು ಪುಣೆ, ಬೆಂಗಳೂರು. ತಿರುಗಿ ಬಂದ ಮಕ್ಕಳಿಗೆ ಹದಿನೈದು ನಿಮಿಷ ಕೂರೋಕೆ ಆಗಲ್ಲ. ಸಿಟ್ಟಾಗಿ ಪ್ರಯೋಜನವಿಲ್ಲ, ಮತ್ತೆ ಐದು ನಿಮಿಷದಿಂದ ಶುರು ಮಾಡಿದೆ. ಎರಡನೇ ಸಲ ಬೇಗ ಏರುತ್ತದೆ, ಮೂರು ವಾರ ಸಾಕಾಯಿತು.

ಸಾಮಾನಿನ ವಿಷಯಕ್ಕೆ ಬರೋಣ. 24 ಜೇಬು ಅಂದರೆ 24 ಪುಸ್ತಕ, ಮಕ್ಕಳು 34. ಒಂದರಲ್ಲಿ ಎರಡು ತುರುಕಿದರೆ ಹಿಂದಿನದು ಕಾಣಲ್ಲ, ಕಾಣದ ಪುಸ್ತಕವನ್ನು ಯಾರೂ ತಗೊಳ್ಳಲ್ಲ, ಪರೀಕ್ಷೆ ಮಾಡಿ ನೋಡಿದ್ದೇನೆ. ಹಾಗಾಗಿ ಪಕ್ಕದಲ್ಲಿ ಒಂದು ಬುಟ್ಟಿ ಇಟ್ಟೆ, ಅದರಲ್ಲಿ ಉಳಿದವು. ಹದಿನೈದು ದಿನಕ್ಕೊಮ್ಮೆ ಶನಿವಾರ ಒಂದು ಸಾಲು ಬದಲಿಸುತ್ತೇವೆ. ಯಾರೂ ಮುಟ್ಟದ ಪುಸ್ತಕ ಇದ್ದರೆ ತೆಗೆಯುವ ಮುಂಚೆ ಎರಡು ಪುಟ ನಾನೇ ಗಟ್ಟಿಯಾಗಿ ಓದಿ, ಒಳ್ಳೇ ಜಾಗದಲ್ಲಿ ನಿಲ್ಲಿಸಿ, ವಾಪಸ್ ಜೇಬಿಗೆ ಇಡುತ್ತೇನೆ. ಮರುದಿನ ಅದಕ್ಕೇ ಜಗಳ.

ಹೊಲಿಗೆ ಸೆಪ್ಟೆಂಬರಿಗೇ ಬಿಟ್ಟಿತು. ಮೊದಲು ಎತ್ತರದಲ್ಲಿದ್ದಾಗ ಮಕ್ಕಳು ಹಾರಿ ಎಳೆದದ್ದೂ ಕಾರಣ ಇರಬಹುದು, ಅದು ನನ್ನ ಪಾಲು. ಆದರೆ ಕೆಳಗಿನ ಸಾಲಿನದೂ ಕಿತ್ತು ಬಂತಲ್ಲ? ಒಂದೇ ಎಳೆಯ ಹೊಲಿಗೆ, ಅದೂ ಅಂಚಿಗೆ ಅಂಟಿದಂತೆ. ಒಂದು ಕಣ್ಣು ಬಟ್ಟೆ ಸಮೇತ ಕಿತ್ತುಬಂತು. ಕಸ್ಟಮರ್ ಕೇರಿಗೆ ಫೋಟೋ ಕಳಿಸಿದರೆ ಏಳು ದಿನ ದಾಟಿದೆ ಮೇಡಂ ಅಂದರು. ಬೇಸಿಗೆ ಬಂದ ಮೇಲಂತೂ ಕೇಳಬೇಡಿ. ನಮ್ಮ ಕಡೆ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಕಿಟಕಿ ಪಕ್ಕದ ಜೇಬುಗಳು ಹಳದಿಯಾಗಿ, ಬಾಯಿ ಒಳಗೆ ಮಡಚಿಕೊಂಡು, ಲ್ಯಾಮಿನೇಷನ್ ಇರುವ ಮುಖಪುಟಕ್ಕೆ ಅಂಟಿಕೊಂಡವು. ಅಲ್ಮಾರಿಯಲ್ಲಿ ಅಂಟಿಕೊಂಡಿದ್ದ ಪುಸ್ತಕ ಇಲ್ಲೂ ಅಂಟಿಕೊಂಡಿತು.

ಒಳಗೆ ಏನು ಹಾಕಬೇಕು ಅಂತ ಕೇಳುವವರಿಗೆ: ಪ್ರಥಮ್ ಬುಕ್ಸ್ ಪುಸ್ತಕಗಳು ಅಗ್ಗ, ತೆಳ್ಳಗೆ, ಈ ಜೇಬಿಗೆ ಸರಿಯಾಗಿ ಕೂರುತ್ತವೆ, ಹಿಂದೆ ಒಂದರಿಂದ ನಾಲ್ಕರವರೆಗೆ ಹಂತ ಬರೆದಿರುತ್ತದೆ. ಅವರದೇ ಸ್ಟೋರಿವೀವರ್ ವೆಬ್‌ಸೈಟ್ 2015ರಿಂದ ಇದೆ, ಕನ್ನಡದ ಕಥೆಗಳನ್ನು ದುಡ್ಡಿಲ್ಲದೆ ಇಳಿಸಿಕೊಂಡು ಪ್ರಿಂಟ್ ತೆಗೆಯಬಹುದು, ಕಾನೂನಿನ ಅಡ್ಡಿ ಇಲ್ಲ. ನಾನು ಕಪ್ಪು ಬಿಳುಪಲ್ಲಿ ತೆಗೆಸಿ ಸ್ಟೇಪ್ಲರ್ ಹೊಡೆದು ಕೊಟ್ಟೆ, ಬಣ್ಣ ಅವರೇ ತುಂಬಿದರು, ಒಬ್ಬಳ ಆನೆ ಕುಂಕುಮದ ಬಣ್ಣದ್ದು. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯ ಮಾಲೆಯ ಪುಸ್ತಕಗಳು ಐದನೇ ಕ್ಲಾಸಿಗೆ ಚಲೋ. ತೂಲಿಕಾ ಪ್ರಕಾಶನದವರ ಕನ್ನಡ ಇಂಗ್ಲಿಷ್ ಜೊತೆಗಿರುವ ಪುಸ್ತಕಗಳನ್ನು ಮಕ್ಕಳು ಮೊದಲು ತಗೊಳ್ಳುತ್ತಾರೆ, ಇಂಗ್ಲಿಷ್ ಸಾಲನ್ನು ಬೆರಳಿಟ್ಟು ನೋಡುವುದು ಒಂದು ಗತ್ತು. ದುಡ್ಡು ಖರ್ಚು ಮಾಡುವ ಮುಂಚೆ ನಿಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಒಮ್ಮೆ ಹೋಗಿ. 2020ರಲ್ಲಿ "ಓದುವ ಬೆಳಕು" ಅನ್ನುವ ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳಿಗೆ ಸದಸ್ಯತ್ವ ಉಚಿತ. ನಮ್ಮ ಮಕ್ಕಳಲ್ಲಿ ಹನ್ನೊಂದು ಜನ ಈಗ ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋಗುತ್ತಾರೆ, ಕೇರಂ ಆಡೋಕೂ ಹೋಗುತ್ತಾರೆ, ಇರಲಿ.

ಒಂದು ವರ್ಷಕ್ಕೆ ಏಳು ಪುಸ್ತಕ ಹರಿದವು, ಎರಡು ಕಾಣೆ. ಹರಿದದ್ದಕ್ಕೆ ಮಕ್ಕಳೇ ಟೇಪ್ ಹಚ್ಚುತ್ತಾರೆ, ಮುಖಪುಟಕ್ಕಿಂತ ಟೇಪೇ ಜಾಸ್ತಿ ಇರುವ ಒಂದು ಪುಸ್ತಕ ಇದೆ, ಅದೇ ಎಲ್ಲರಿಗಿಂತ ಹೆಚ್ಚು ಓಡಾಡುವುದು. ಹೆಡ್ ಮಾಸ್ತರಿಗೆ ಲೆಕ್ಕ ಒಪ್ಪಿಸಿದೆ. "ಕಳೆದವು ಎರಡೇ ಏನ್ರೀ?" ಅಂದರು, ಇಪ್ಪತ್ತು ಹೋಗುತ್ತವೆ ಅಂದುಕೊಂಡಿದ್ದರಂತೆ.

ಹಾಗಾದರೆ ಕೊಳ್ಳಬೇಕಾ? ಈ ಪ್ಲಾಸ್ಟಿಕ್ಕಿನದು ಬೇಡ. ಈ ಜೂನಿಗೆ ನಮ್ಮೂರ ಟೇಲರ್ ಅಣ್ಣನ ಹತ್ತಿರ ದಪ್ಪ ಪರದೆ ಬಟ್ಟೆಯಲ್ಲಿ ಹೊಸದು ಹೊಲಿಸಿದ್ದೇನೆ. ಬಟ್ಟೆ 420, ಹೊಲಿಗೆ 300. ಆನ್‌ಲೈನ್ ಮಾಲಿಗಿಂತ 71 ರೂಪಾಯಿ ಜಾಸ್ತಿ. ಅವರು ಮೊದಲು ಪ್ಯಾಂಟಿನ ಜೇಬಿನಷ್ಟು ಆಳ ಇಟ್ಟು ಒಂದು ತೋರಿಸಿದರು, ಪುಸ್ತಕ ಒಳಗೆ ಮುಳುಗಿಹೋಯಿತು. ಜೇಬು ನಾಲ್ಕೇ ಇಂಚು ಆಳ ಇರಲಿ, ಪುಸ್ತಕದ ಅರ್ಧ ಮುಖ ಹೊರಗೆ ಕಾಣಲಿ, ಅಗಲ ಒಂಬತ್ತು ಇಂಚು. ಪುಸ್ತಕ ಮುಂದಕ್ಕೆ ಬಾಗದಂತೆ ಮೇಲೆ ಒಂದು ಎಲಾಸ್ಟಿಕ್ ಪಟ್ಟಿ ಅಡ್ಡ ಹಾಯಿಸಿ. ಮೇಲೆ ಕಬ್ಬಿಣದ ಕಣ್ಣು ಬೇಡ, ಬಟ್ಟೆಯನ್ನೇ ಮಡಚಿ ಹೊಲಿಸಿ ಒಳಗೆ ಬಿದಿರಿನ ಕೋಲು ತೂರಿಸಿ. ಜೇಬಿನ ಕೆಳ ಮೂಲೆಗಳಿಗೆ ಮಾತ್ರ ಎರಡೆರಡು ಸಲ ಹೊಲಿಗೆ ಓಡಿಸಿ ಅಂತ ಎದುರಿಗೇ ನಿಂತು ಹೇಳಿ, ಇಲ್ಲದಿದ್ದರೆ ಮರೆಯುತ್ತಾರೆ.